ಎಮ್ಮೆಯ ಸೂರು

ನಮ್ಮ ಕೀಬೋರ್ಡ್ ಮಾಸ್ತರು ಹಾಡು ಕೇಳುತ್ತಿದ್ದದ್ದು ಹಲ್ಲಿನಿಂದ. ಬೇವಿನ ಕಡ್ಡಿಯ ಒಂದು ತುದಿಯನ್ನು ಸ್ಪೀಕರ್ ಡಬ್ಬಿಯ ಹಲಗೆಗೆ ಒತ್ತಿ ಹಿಡಿಯುವರು, ಇನ್ನೊಂದು ತುದಿಯನ್ನು ಮುಂದಿನ ಹಲ್ಲುಗಳಿಂದ ಕಚ್ಚುವರು, ಕಣ್ಣು ಮುಚ್ಚುವರು. ತೊಡೆಯ ಮೇಲಿನ ಟ್ಯಾಬಿನಲ್ಲಿ ಬಲಗೈ ಬೆರಳು ಮಾತ್ರ ಆಡುತ್ತಿರುತ್ತಿತ್ತು. ದನಿ ಜೋರಾದಾಗ ಕಡ್ಡಿ ನಡುಗುವುದು ಎದುರು ಕೂತ ನನಗೂ ಕಾಣುತ್ತಿತ್ತು. ಬಳೆ ಕೊಳ್ಳಲು ಬಂದ ಹೆಂಗಸರು ಒಳಗೆ ಇಣುಕಿ, “ಯವ್ವಾ, ಮಾಸ್ತರ ಪೆಟ್ಟಿಗಿ ತಿನ್ನಾಕತ್ತಾನ ನೋಡ್ರೇ” ಎಂದು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಮಾಸ್ತರಿಗೆ ಅದು ಕೇಳುತ್ತಿರಲಿಲ್ಲ. ಕೇಳಿದ್ದರೂ ಸಿಟ್ಟಿಗೇಳುವ ಮನುಷ್ಯ ಅವರಲ್ಲ.

ಜಾಗ ಸುರಪುರ. ಅವರ ಹೆಂಡತಿ ನಡೆಸುತ್ತಿದ್ದ ಬಳೆ ಅಂಗಡಿಯ ಹಿಂದಿನ ಕೋಣೆ. ಅಂಗಡಿಯಾಕೆಯನ್ನು ನಾನು ಆಪಾ ಅನ್ನುತ್ತಿದ್ದೆ, ಅಂದರೆ ಅಕ್ಕ. ಮಾಸ್ತರರ ಬಲಗಿವಿ ಸಣ್ಣವರಿದ್ದಾಗಲೇ ಸೋರಿ ಸೋರಿ ಕೆಟ್ಟುಹೋಗಿತ್ತು. ಎಡಗಿವಿಯೂ ಈಚೆಗೆ ಮಂದವಾಗಿ, ಬಾಯಿ ಇಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು. ಆ ಕಿವಿಯಲ್ಲಿ ಯಾವಾಗಲೂ ಅತ್ತರಿನ ಹತ್ತಿ. ಶುಕ್ರವಾರ ನಮಾಜಿಗೆ ಹೋಗುವಾಗ ಅತ್ತರು ಹಚ್ಚಿದ ಹತ್ತಿಯನ್ನು ಕಿವಿಯಲ್ಲಿಟ್ಟುಕೊಳ್ಳುವುದು ಅವರ ಮಂದಿಯಲ್ಲಿ ರೂಢಿಯೇ. ನಮ್ಮ ಮಾಸ್ತರು ವಾರದ ಎಲ್ಲ ದಿನವೂ ಇಟ್ಟುಕೊಳ್ಳುತ್ತಿದ್ದರು. ಶೋಕಿ ಮನುಷ್ಯ, ಸ್ಟೇಜಿನ ಮೇಲೆ ನಿಂತವರು, ಇರಲಿ ಬಿಡು ಎಂದು ನಾವು ನಗುತ್ತಿದ್ದೆವು.

ನಾನು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದವಳು. ಇಷ್ಟು ಹೇಳಿದ ಕೂಡಲೇ ಕೆಲವರ ಮುಖ ಒಂದು ನಮೂನೆ ಆಗುತ್ತದೆ. ಆಗಲಿ, ಅವರ ಮುಖ ಅವರಿಗೆ. ಮದುವೆ ಮನೆಗಳಲ್ಲಿ ಹೆಂಗಸರ ನಡುವೆ ಕೂತು ಸೋಬಾನೆ ಹೇಳುತ್ತಿದ್ದ ಹುಡುಗಿಯನ್ನು ಕೈಹಿಡಿದು ಮೈಕಿನ ಮುಂದೆ ನಿಲ್ಲಿಸಿದವರು ಮಾಸ್ತರು. ಅದಕ್ಕೂ ಮೊದಲು ನಮ್ಮ ಮನೆಗೆ ಬಂದು, ಹೊಸ್ತಿಲ ಹೊರಗೇ ನಿಂತು, ನನ್ನ ಅವ್ವನನ್ನು ಕೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. “ಅವ್ವಾರ, ನಿಮ್ಮ ಮಗಳ ಗಂಟಲು ಒಂದು ನನಗ ಕೊಡ್ರಿ. ಉಳದದ್ದೆಲ್ಲಾ ಹೆಂಗ ಒಯ್ತೀನೋ ಹಂಗ ತಂದು ಮುಟ್ಟಸ್ತೀನಿ.” ಅವ್ವ ಅವರ ಮುಖ ನೋಡಿ ಹೂಂ ಅಂದಳು. ಮಾಸ್ತರು ಆ ಮಾತನ್ನು ಒಂದು ದಿನವೂ ತಪ್ಪಲಿಲ್ಲ.

ತಪ್ಪಲಿಲ್ಲ ಎನ್ನುವುದಕ್ಕೆ ಒಂದು ಸಂಗತಿ ಹೇಳಲೇಬೇಕು. ಕೊಡೇಕಲ್ ಕಡೆಯ ಒಂದು ಮದುವೆ. ಗಂಡಿನ ಕಡೆಯವನೊಬ್ಬ ಕುಡಿದು ಸ್ಟೇಜ್ ಹತ್ತಿ ನನ್ನ ಮಣಿಕಟ್ಟು ಹಿಡಿದ. ಕುಣಿ ಅಂತಾನೆ. ಕೆಳಗಿನವರು ಸೀಟಿ ಹೊಡೆಯುತ್ತಿದ್ದಾರೆ, ನಮ್ಮ ಡ್ರಮ್ಮಿನವನು ಕೋಲು ಕೆಳಗಿಟ್ಟು ಮೇಲೆದ್ದ. ಜಗಳ ಆದರೆ ನಾವು ಐದಾರು ಜನ, ಅವರು ಊರಿಗೆ ಊರೇ. ಮಾಸ್ತರು ಎದ್ದೇ ಇಲ್ಲ. ನಡೆಯುತ್ತಿದ್ದ ಸಿನಿಮಾ ಹಾಡಿನ ನಡುವಿನಿಂದಲೇ ಮಂಗಳಾರತಿಯ ಧಾಟಿ ಎತ್ತಿಕೊಂಡರು. ಗಂಟೆಯ ದನಿ, ಶಂಖದ ದನಿ, ಎಲ್ಲ ಕೀಬೋರ್ಡಿನಲ್ಲೇ. ಪೆಂಡಾಲು ಒಂದು ಗಳಿಗೆ ಗಪ್ ಆಯಿತು. ಮುದುಕಿಯರು ಎದ್ದು ನಿಂತರು. ಆ ಕುಡುಕನೂ ರೂಢಿಯ ಮೇಲೆ ಎರಡೂ ಕೈ ಎತ್ತಿ ಮುಗಿದ. ದೇವರಿಗೆ ಕೈ ಮುಗಿಯಬೇಕೆಂದರೆ ನನ್ನ ಕೈ ಬಿಡಬೇಕಲ್ಲ! ಬಿಟ್ಟ. ನಾನು ಇಳಿದು ವ್ಯಾನಿನಲ್ಲಿ ಕೂತೆ. ಆಮೇಲೆ ಮಾಸ್ತರು, “ಅವನ ಅವ್ವ ಅವಗ ಛಲೋ ಕಲಿಸ್ಯಾಳ ತಂಗಿ. ಕುಡದ್ರೂ ಮರತಿಲ್ಲ ನೋಡು” ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಆಮೇಲೆ ಡಿಜೆ ಬಂತು. ಆಳೆತ್ತರದ ಡಬ್ಬಿಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು, ಎದೆ ಒಡೆಯುವ ಹಾಗೆ ಹಾಡು ಹಚ್ಚಿ ಬಿಟ್ಟರೆ ಆಯಿತು, ಮನುಷ್ಯರ ಗಂಟಲು ಯಾರಿಗೆ ಬೇಕು? ನಮ್ಮ ಪಾರ್ಟಿ ಒಡೆಯಿತು. ಡ್ರಮ್ಮಿನವನು ಸೈದಾಪುರದ ಆಚೆ ಫ್ಯಾಕ್ಟರಿ ಸೇರಿದ. ನಾನು ಹುಣಸಗಿಯಲ್ಲಿ ಒಂದು ಹಾಸ್ಟೆಲ್ಲಿನ ಅಡುಗೆಗೆ ನಿಂತೆ. ಮಾಸ್ತರು ತಮ್ಮ ಕೀಬೋರ್ಡನ್ನು ಶಹಾಪುರದ ಒಂದು ಭಜನಾ ಮಂಡಳಿಗೆ ಕೊಟ್ಟು, ಹೆಂಡತಿಯ ಅಂಗಡಿಯಲ್ಲಿ ಬಳೆ ಜೋಡಿಸುತ್ತ ಕೂತರು. ಕಿವಿ ಹೋದವನಿಗೆ ಅದೇ ಸರಿ, ಹೆಂಗಸರ ಚೌಕಾಸಿ ಕೇಳುವುದು ತಪ್ಪಿತು ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

ಅಷ್ಟರಲ್ಲಿ ಆ ಟ್ಯಾಬು ಬಂತು. ಯಾದಗಿರಿಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಯಾರೋ ಬಿಟ್ಟುಹೋದದ್ದು, ಮೂಲೆಯಲ್ಲಿ ಗಾಜು ಸೀಳಿದ್ದು. ಹಿಂದಿನ ಒಡೆಯ ಸಂಗೀತದ ಹುಚ್ಚನಿರಬೇಕು. ಹಾಡು ಕಟ್ಟುವ ಆ್ಯಪ್ ಒಂದು ಅದರಲ್ಲೇ ಉಳಿದಿತ್ತು. ತೆರೆದರೆ ಒಳಗೆ ಹಳೆಯ ಕಾಲದ ಸಿಂಥಸೈಜರುಗಳು. ಸಿಂಥಸೈಜರ್ ಅಂದರೆ ತಂತಿಯಿಲ್ಲದೆ, ಗಾಳಿಯಿಲ್ಲದೆ, ಬರೀ ಕರೆಂಟಿನಿಂದ ದನಿ ಹುಟ್ಟಿಸುವ ಪೆಟ್ಟಿಗೆ. ನಾನು ಹುಟ್ಟುವ ಮೊದಲು ಪರದೇಶದಲ್ಲಿ ಮಾಡಿದ ಅಂಥ ಪೆಟ್ಟಿಗೆಗಳು ಈಗ ಕಣ್ಣಿಗೂ ಬೀಳುವುದಿಲ್ಲವಂತೆ. ಅವುಗಳ ಗುಂಡಿ, ಬೆರಳಿಟ್ಟು ನುಡಿಸುವ ಮಣೆ, ಕಟ್ಟಿಗೆಯ ಪಕ್ಕೆಗಳ ಸಮೇತ ನಕಲು ಮಾಡಿ ಗಾಜಿನೊಳಗೆ ಕೂರಿಸಿದ್ದರು. ದನಿಯೂ ಥೇಟ್ ಹಾಗೇ ಎಂದು ಮಾಸ್ತರು ಹೇಳುತ್ತಿದ್ದರು. ಕಿವಿಯಿಂದ ಅಲ್ಲ, ಹಲ್ಲಿನಿಂದ ಕೇಳಿ ಹೇಳುತ್ತಿದ್ದರು. ಕಡ್ಡಿ ಕಚ್ಚಿದರೆ ದನಿ ಎಲುಬಿನೊಳಗಿಂದ ನೇರ ತಲೆಗೆ ಹೋಗುತ್ತದೆ ಎನ್ನುವುದನ್ನು ಅವರು ಹಲ್ಲುಜ್ಜುವಾಗ ಕಂಡುಕೊಂಡಿದ್ದರಂತೆ. “ಹಲ್ಲಿದ್ದವಗ ಕಡ್ಲಿ ಇಲ್ಲ, ಕಡ್ಲಿ ಇದ್ದವಗ ಹಲ್ಲಿಲ್ಲ ಅಂತಾರ. ನನಗ ಎರಡೂ ಕೊಟ್ಟು ಕಿವಿ ಒಂದು ಕಸಗೊಂಡಾನ ಅಲ್ಲಾ” ಎಂದು ಖುಷಿಯಿಂದಲೇ ಹೇಳಿದರು.

ಆ ಯಂತ್ರಗಳ ಇಂಗ್ಲಿಷ್ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ. ತಾವೇ ಹೆಸರಿಟ್ಟರು. ಮೊದಲನೆಯದು ಕಿಣಿಕಿಣಿ ಅನ್ನುವ ಗಾಜಿನ ದನಿಯದು. ಅದು ‘ಬಳಿ ಅಂಗಡಿ’. ಎರಡನೆಯದು ಒಂದು ಮಣೆ ಒತ್ತಿದರೆ ಹತ್ತು ಪಿಟೀಲು ಒಮ್ಮೆಗೇ ಎದ್ದಂತೆ ಅಗಲವಾಗಿ, ಮೆತ್ತಗೆ ಹರಡುತ್ತಿತ್ತು. ಅದು ‘ಬೀಗರು’. ಯಾಕೆ ಬೀಗರು ಅಂದರೆ, “ಎಲ್ಲಾರೂ ಒಮ್ಮಿಗೇ ಮಾತಾಡ್ತಾರ, ಸಿಹಿ ಸಿಹಿ ಮಾತಾಡ್ತಾರ, ಒಬ್ಬಂದೂ ಅರ್ಥ ಆಗಂಗಿಲ್ಲ.” ಮೂರನೆಯದು ಎಲ್ಲಕ್ಕಿಂತ ಹಳೆಯದು, ದಪ್ಪ ಕೊರಳಿನದು. ಒಮ್ಮೆಗೆ ಒಂದೇ ಸ್ವರ. ಎರಡು ಮಣೆ ಒತ್ತಿದರೆ ಒಂದನ್ನು ಬಿಟ್ಟು ಒಂದನ್ನೇ ಹಿಡಿಯುತ್ತಿತ್ತು. ಅದು ‘ಎಮ್ಮಿ’. ಕೋಣನ ಮುಂದೆ ಕಿನ್ನರಿ ಅನ್ನುವ ಗಾದೆ ಇದೆಯಲ್ಲ, ಮಾಸ್ತರು ಅದನ್ನು ತಿರುವಿ ಹಾಕಿದರು. “ನಾ ಕಿನ್ನರಿಯೊಳಗ ಎಮ್ಮಿ ಕಟ್ಟೀನಿ.”

ಎಮ್ಮಿಗೆ ಒಂದು ವಿಚಿತ್ರ ಗುಂಡಿ ಇತ್ತು. ಹಳೆಯ ಪೆಟ್ಟಿಗೆಗಳು ಬಿಸಿಯಾದಂತೆ ಅವುಗಳ ಸ್ವರ ಕೂದಲೆಳೆಯಷ್ಟು ಅತ್ತಿತ್ತ ಜಾರುತ್ತಿತ್ತಂತೆ. ಆ ಜಾರುವುದೂ ಬೇಕು ಎನ್ನುವವರಿಗಾಗಿ ಈ ಗುಂಡಿ. ತಿರುವಿದಷ್ಟೂ ಯಂತ್ರ ಮುದಿಯಾಗುತ್ತದೆ. ಮಾಸ್ತರಿಗೆ ಇದನ್ನು ನಾನು ಕೂಗಿ ಕೂಗಿ ತಿಳಿಸಿದಾಗ ಅವರು ಕಡ್ಡಿ ಬಾಯಿಂದ ತೆಗೆದು ನನ್ನನ್ನೇ ನೋಡಿದರು. “ನಮಗ ಮುಪ್ಪು ಪುಕ್ಕಟ ಬರತೈತಿ. ಇವರು ಗುಂಡಿ ತಿರುವಿ ತರಿಸ್ಕೋತಾರ? ಹುಚ್ಚ ಮಂದಿ!” ಹಾಗಂದವರೇ ಗುಂಡಿಯನ್ನು ಒಂದು ಚೂರು ತಿರುವಿ, ಮತ್ತೆ ಕಡ್ಡಿ ಕಚ್ಚಿ, ತಲೆದೂಗಿದರು. ಚಂದ ಅನ್ನಿಸಿರಬೇಕು.

ಈ ಮೂರನ್ನೂ ಹೋಲಿಸಿ ನೋಡುತ್ತಿದ್ದದ್ದು ಸುಮ್ಮನೆ ಹೊತ್ತು ಹೋಗಲೆಂದಲ್ಲ. ನನ್ನ ಹಾಡಿಗಾಗಿ. ಮದುವೆಗಳಲ್ಲಿ ನಾನು ಹಾಡಿದ್ದೆಲ್ಲ ಬೇರೆಯವರ ಹಾಡು. ನನ್ನವು ಅಂತ ಇದ್ದವು ಅವ್ವನ ಬೀಸುವ ಪದಗಳು ಮಾತ್ರ. ಅವ್ವ ಹೋದ ಮೇಲೆ ಅವನ್ನು ಬಲ್ಲವಳು ನಮ್ಮ ಮನೆಯಲ್ಲಿ ನಾನೊಬ್ಬಳೇ. ಹಾಗೆಂದು ಒಮ್ಮೆ ಬಾಯಿತಪ್ಪಿ ಅಂದಿದ್ದೆ. ಮಾಸ್ತರು ಹಿಡಿದುಕೊಂಡರು ನೋಡಿ, ಬಿಡಲಿಲ್ಲ. ರಜೆ ಸಿಕ್ಕ ಮಧ್ಯಾಹ್ನ ಹುಣಸಗಿಯಿಂದ ಬಸ್ಸು ಹಿಡಿದು ಹೋಗುವೆ, ಆಪಾ ಗದ್ದಲ ಬಾರದಂತೆ ಅಂಗಡಿಯ ಬಾಗಿಲು ಮುಂದೆ ಮಾಡುವಳು, ನಾನು ಹಾಡುವೆ, ಟ್ಯಾಬು ಹಿಡಿದಿಟ್ಟುಕೊಳ್ಳುವುದು. ಹೀಗೆ ಅಷ್ಟೂ ಪದ ಒಳಗೆ ಸೇರಿದವು. ಅದರಲ್ಲಿ ಒಂದನ್ನು ಮಾಸ್ತರು ಮತ್ತೆ ಮತ್ತೆ ಹಾಡಿಸಿದರು:

ಎರಡು ಕಲ್ಲಿನ ನಡುವ ಒಂದ ಕಾಳಾಗೀನಿ
ಹಿಟ್ಟಾಗೂ ತನಕ ಹಾಡತೀನಿ, ನನ್ನವ್ವ
ಮುಟ್ಟಲಿ ದನಿಯು ತವರೀಗಿ

“ನಿಮ್ಮವ್ವ ಹಾಡುವಾಗ ಕೆಳಗ ಕಲ್ಲು ಗುರ್ ಅಂತಿತ್ತು. ಅದ ಆಕಿಗೆ ಸೂರು. ಈಗ ಕಲ್ಲಿಲ್ಲ, ನಿನ್ನ ಪದ ನೀರಿನ ಮ್ಯಾಲ ನಿಂತಂಗ ಐತಿ. ಕಾಲಿಗೆ ನೆಲಾ ಬೇಕು” ಅಂದರು. ಸೂರು ಅಂದರೆ ಹಾಡಿನ ಅಡಿಯಲ್ಲಿ ಬಿಡದೆ ನಿಲ್ಲುವ ಒಂದೇ ದನಿ. ಅದನ್ನು ಯಾವ ಯಂತ್ರದಿಂದ ತೆಗೆಯುವುದು ಎನ್ನುವುದೇ ಅವರ ಯೋಚನೆ. ಬಳಿ ಅಂಗಡಿಯನ್ನು ಇಟ್ಟು ನೋಡಿದರು. ಆಪಾ ಹೊರಗಿನಿಂದಲೇ ಕೇಳಿ, “ಏನ್ರೀ ಇದು, ನನ್ನ ಮಾಲೆಲ್ಲಾ ಬಿದ್ದು ಒಡದಂಗ ಕೇಳ್ತೈತಿ” ಅಂದಳು. ಬೀಗರನ್ನು ಇಟ್ಟರು. ನನಗೆ ಬಹಳ ಹಿಡಿಸಿತು, ಸಿನಿಮಾದ ಹಾಗೆ ಕೇಳುತ್ತಿತ್ತು. ಮಾಸ್ತರು ತಲೆ ಅಲ್ಲಾಡಿಸಿದರು. “ಬೀಸೂವಾಕಿ ಒಬ್ಬಾಕಿ. ಆಕಿ ಸುತ್ತ ಇಷ್ಟು ಮಂದಿ ಯಾಕ? ಇಷ್ಟು ಮಂದಿ ಇದ್ದಿದ್ರ ಆಕಿ ಅಳ್ತಿದ್ದಿಲ್ಲ.” ಕೊನೆಗೆ ಉಳಿದದ್ದು ಎಮ್ಮಿ. ಎಮ್ಮಿಯ ದನಿಯಲ್ಲಿ ಬೀಸುಕಲ್ಲಿನ ಹಾಗೆ ಹರಳು ಇತ್ತು, ಒರಟು ಇತ್ತು, ಒಂದೇ ಕಡೆ ಸುತ್ತುವ ಭಾರ ಇತ್ತು. ನಾನು ಒಪ್ಪಿದೆ.

ಒಂದು ಮಧ್ಯಾಹ್ನ ಅವರು ಬಗ್ಗಿ ವೈರು ಚುಚ್ಚುವಾಗ ಎಡಗಿವಿಯ ಹತ್ತಿ ಕೆಳಗೆ ಬಿತ್ತು. ನಾನು ಎತ್ತಿಕೊಂಡೆ. ಹಸಿರು ಬೆರೆತ ಕೀವು, ಅದರಲ್ಲಿ ರಕ್ತದ ಎಳೆ. ಅತ್ತರಿನ ಕೆಳಗೆ ಇನ್ನೊಂದು, ಕೊಳೆತ ವಾಸನೆ ಇತ್ತು. ಇಷ್ಟು ದಿನದ ಶೋಕಿ ಅಂದರೆ ಇದು. ಆಪಾಳನ್ನು ಕರೆದು ತೋರಿಸಿದೆ. ಆಕೆಗೆ ಸೋರುವುದು ಗೊತ್ತಿತ್ತು, ರಕ್ತ ಗೊತ್ತಿರಲಿಲ್ಲ. ಕಿವಿಯಿಂದ ತೆಗೆದ ಹತ್ತಿಯನ್ನು ಅವರು ತಾವೇ ಸುಡುತ್ತಿದ್ದರಂತೆ. ಮರುದಿನವೇ ಇಬ್ಬರೂ ಸೇರಿ ಅವರನ್ನು ಕಲಬುರ್ಗಿಯ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆವು.

ಡಾಕ್ಟರು ತಲೆಯ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, ಸುತ್ತುಬಳಸದೆ ಹೇಳಿದರು. “ಇದು ಕಿವಿ ಬ್ಯಾನಿ ಅಲ್ಲವ್ವ, ಜೀವದ ಬ್ಯಾನಿ. ಒಳಗ ಬೆಳದದ್ದು ಎಲುಬು ತಿನ್ನಾಕತ್ತದ. ಅದರ ಮ್ಯಾಲೇ ಮಿದುಳು ಅದ. ಆಪರೇಷನ್ ಮಾಡಿ ತೆಗೀಬೇಕು, ತಡ ಮಾಡಬ್ಯಾಡ್ರಿ. ಜೀವ ಉಳಸ್ತೀವಿ. ಕೇಳೂದು ಮಾತ್ರ ಪೂರಾ ಹೋಗಬಹುದು. ಹಲ್ಲಿಲೇ ಕೇಳೂದೂ ಹೋಗ್ತದ.” ಇದನ್ನು ರೋಗಿಗೆ ಹೇಳುವವರು ಯಾರು? ನಾನೇ ಅವರ ಕಿವಿಗೆ ಬಾಯಿಟ್ಟು, ಆಸ್ಪತ್ರೆಯ ಪಡಸಾಲೆಯಲ್ಲಿ ಕೂತವರೆಲ್ಲ ತಿರುಗಿ ನೋಡುವಂತೆ ಕೂಗಿದೆ. “ಆಪರೇಷನ್ ಮಾಡಿಸದಿದ್ರ ನೀವು ಸಾಯ್ತೀರಂತ್ರೀ!” ಅಂಥ ಮಾತನ್ನು ಮೆಲ್ಲಗೆ ಹೇಳುವ ಅನುಕೂಲವನ್ನೂ ದೇವರು ನನಗೆ ಕೊಡಲಿಲ್ಲ. ಮಾಸ್ತರು ತಲೆ ಆಡಿಸಿದರು. “ಮಾಡಿಸಿದ್ರ?” ಅಂದರು. “ಏನೂ ಕೇಳಂಗಿಲ್ಲಂತ!” ಅವರು ಡಾಕ್ಟರ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, “ಸೂರು ಮುಗಿಸಿ ಬರ್ತೀನ್ರಿ ಸಾಹೇಬ್ರ” ಅಂದರು. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ.

ಮನೆ ಸೇರಿದ ಮೇಲೆ ಆಪಾ ಬಾಯಿ ಬಿಟ್ಟಳು.

“ಕಿವಿ ಹೋದ್ರ ಹೋಗ್ಲಿ. ನೀವು ಇರ್ರಿ. ನನಗ ನೀವು ಬೇಕು, ನಿಮ್ಮ ಕಿವಿ ಅಲ್ಲ.”

ಮಾಸ್ತರು ಆಕೆಯ ತುಟಿ ನೋಡಿಯೇ ತಿಳಿದುಕೊಂಡರು. “ಕಿವಿ ಹೋದ ಮ್ಯಾಲ ಇರಾಂವ ನಾ ಅಲ್ಲ, ಬ್ಯಾರೆ ಯಾವನೋ. ಅವನ ಸಂಗಟ ಬಾಳೇ ಮಾಡ್ತಿ?”

“ಮಾಡ್ತೀನಿ! ಯಾವನಾದ್ರೂ ಇರ್ಲಿ, ಉಸರಾಡೋನು ಇರ್ಲಿ!”

ಮಾಸ್ತರು ಗೋಡೆಯ ಕಡೆ ಮುಖ ಮಾಡಿ ಕೂತರು. ನಾನೂ ಬಿಡಲಿಲ್ಲ. ನನ್ನ ಪದ ಹಾಳಾಗಿ ಹೋಗಲಿ, ಅವ್ವನ ಕಾಲಕ್ಕೇ ಮುಗಿಯಲಿ, ನನಗೆ ಸೂರು ಬೇಡ ಎಂದು ಕಿವಿಯಲ್ಲಿ ಒದರಿದೆ. ಅವರು ಕೆನ್ನೆ ಒರೆಸಿಕೊಂಡರು, ನನ್ನ ಎಂಜಲು ಸಿಡಿದಿತ್ತು. “ಹಾಡು ನಿಂದಿರಬಹುದು ತಂಗಿ, ಸೂರು ನಂದು” ಅಂದರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಇನ್ನೊಂದು ದಾರಿ. ಅವರ ಮೇಲೆ ಬಂದ ಸಿಟ್ಟು ನನಗೆ ಇವತ್ತಿಗೂ ಇದೆ. ಡಾಕ್ಟರು ಹೇಳಿದ್ದು ಸರಿಯಾಗಿತ್ತು, ಆಪಾ ಹೇಳಿದ್ದು ಸರಿಯಾಗಿತ್ತು. ತಪ್ಪಿದ್ದು ಅವರೊಬ್ಬರದೇ.

ಆಪಾ ಸ್ಪೀಕರ್ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಳು. ಮಾಸ್ತರು ಟ್ಯಾಬನ್ನೇ ಕಚ್ಚಿ ಕೂತರು. ಗಾಜು ಸೀಳಿದ ಮೂಲೆ ತುಟಿಗೆ ತಾಗಿ ರಕ್ತ ಬಂತು. ಆಕೆ ಅಳುತ್ತಾ ಡಬ್ಬಿ ಇಳಿಸಿ ಮುಂದಿಟ್ಟಳು. ಅಂಥ ಹಟ.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಳಿ ಅಂಗಡಿ ಮತ್ತು ಬೀಗರು ಬರೀ ಮಾದರಿಗೆ ಕೊಟ್ಟ ಯಂತ್ರಗಳು. ಪೂರ್ತಿ ಕೊಳ್ಳುವ ತನಕ ಅವು ನುಡಿಯುತ್ತ ನುಡಿಯುತ್ತ ನಡುವೆ ಗಕ್ಕನೆ ನಿಂತು, ಉಸಿರು ಹಿಡಿದಂತೆ ಸುಮ್ಮನಿದ್ದು, ಮತ್ತೆ ಶುರುವಾಗುತ್ತಿದ್ದವು. ಆ ಕಳ್ಳಾಟ ಮಾಸ್ತರಿಗೆ ಗೊತ್ತಿತ್ತು. ಬೀಗರು ನಿಂತಾಗಲೆಲ್ಲ, “ಚಹಾಕ್ಕ ಹೋಗ್ಯಾರ, ಬರ್ತಾರ ತಡಿ” ಅನ್ನುತ್ತಿದ್ದರು. ಎಮ್ಮಿಗೆ ಆ ಚಾಳಿ ಇರಲಿಲ್ಲ. ಅದು ಆ್ಯಪಿನ ಸಂಗಡವೇ ಬಂದದ್ದು, ಮಣೆ ಒತ್ತಿ ಹಿಡಿದಷ್ಟು ಹೊತ್ತೂ ನುಡಿಯುತ್ತಿತ್ತು.

ಕಲಬುರ್ಗಿಗೆ ಹೋಗಿಬಂದ ಮೇಲಿನ ಒಂದು ರಜೆಯ ದಿನ ನಾನು ಹೋದಾಗ ಮಾಸ್ತರು ಎಮ್ಮಿಯ ಒಂದೇ ಮಣೆ ಒತ್ತಿ ಹಿಡಿದು ಕಡ್ಡಿ ಕಚ್ಚಿ ಕೂತಿದ್ದರು. ಕೋಣೆಯೆಲ್ಲ ಗುರ್ ಅನ್ನುತ್ತಿತ್ತು. ನನ್ನನ್ನು ಕಂಡು ಕಡ್ಡಿ ತೆಗೆದರು.

“ಈ ಎಮ್ಮಿನೂ ಕಳ್ಳಾಟ ಕಲಿತೈತಿ ತಂಗಿ. ನಡುನಡುವ ನಿಲ್ಲಾಕತ್ತೈತಿ. ನೋಡು, ಈಗ ನಿಂತೈತಿ.”

ನಿಂತಿರಲಿಲ್ಲ. ಡಬ್ಬಿಯ ಮೇಲಿಟ್ಟ ಚಹಾದ ಲೋಟ ಕೂಡ ನಡುಗುತ್ತಿತ್ತು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಕೂಗುವುದಕ್ಕೆ ನನ್ನಿಂದ ಆಗಲಿಲ್ಲ. ಇಲ್ಲ ಎಂದು ಕೈ ಅಲ್ಲಾಡಿಸಿದೆ. ಲೋಟದ ಕಡೆ ಬೆರಳು ತೋರಿಸಿದೆ. ಮಾಸ್ತರು ಲೋಟವನ್ನು, ಅದರೊಳಗೆ ಗೆರೆಗೆರೆಯಾಗಿ ನಡುಗುತ್ತಿದ್ದ ಚಹಾವನ್ನು ಬಹಳ ಹೊತ್ತು ನೋಡಿದರು. ಬೆರಳನ್ನು ಮಣೆಯಿಂದ ತೆಗೆಯಲಿಲ್ಲ. “ಹಂಗಾದ್ರ ನಿಲ್ಲಾಕತ್ತದ್ದು ನಾನು” ಅಂದರು. ಅಷ್ಟೇ.

ಆಮೇಲೆ ಅವರಿಗೆ ತಲೆ ತಿರುಗುವುದು ಶುರುವಾಯಿತು. ಗೋಡೆ ಹಿಡಿದು ನಡೆಯುವರು, ಅಂಗಡಿಯ ಮೆಟ್ಟಿಲು ಇಳಿಯಲು ಆಪಾಳ ಭುಜ ಬೇಕು. ಬಾಯಿ ಸ್ವಲ್ಪ ಸೊಟ್ಟಗಾದಂತೆ ನನಗೆ ಕಂಡಿತು. ನನಗೆ ಬರಬೇಡ ಅಂದುಬಿಟ್ಟರು. “ನಿನ್ನ ಕೆಲಸ ಆತು. ಈಗ ನನ್ನದು” ಎಂದು ಹೇಳಿ ಕಳಿಸಿದರು. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಸೂರು ತುಂಬುತ್ತಿದ್ದರಂತೆ. ಆಪಾ ಹುಣಸಗಿಗೆ ಫೋನು ಮಾಡಿ ಹೇಳುತ್ತಿದ್ದಳು: ಊಟ ಬೇಡ ಅಂತಾರ, ವಾಂತಿ ಮಾಡ್ಕೋತಾರ, ಮತ್ತ ಹೋಗಿ ಅದನ್ನ ಕಚ್ಗೊಂಡು ಕುಂದರ್ತಾರ. ಕಡೆಗೆ ಒಂದು ದಿನ ಅವಳ ದನಿಯಲ್ಲಿ ಜೀವ ಇತ್ತು. “ಮುಗೀತಂತ! ಸೋಮವಾರ ದವಾಖಾನಿಗೆ ನಡಿ ಅಂದಾರ. ತಾವೇ ಅಂದಾರ!” ನಾನು ಹಾಸ್ಟೆಲ್ಲಿನಲ್ಲಿ ರಜೆ ಕೇಳಿಕೊಂಡೆ. ಆ ರಾತ್ರಿ ಹುಡುಗಿಯರಿಗೆ ಶಿರಾ ಮಾಡಿ ಹಾಕಿದೆ, ಯಾಕೆ ಅಂತ ಯಾರಿಗೂ ಹೇಳಲಿಲ್ಲ.

ಸೋಮವಾರ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಜ್ವರ ಏರಿತು. ಕುತ್ತಿಗೆ ಸೆಟೆದು ಕಟ್ಟಿಗೆಯಾಯಿತು. ಕಾರು ಮಾಡಿಕೊಂಡು ಹೊರಟರು, ನಾನು ಶಹಾಪುರದಲ್ಲಿ ಹತ್ತಿಕೊಂಡೆ. ಮಾಸ್ತರರ ತಲೆ ಆಪಾಳ ತೊಡೆಯ ಮೇಲಿತ್ತು. ಕಣ್ಣು ತೆರೆದಿತ್ತು, ಗುರುತು ಇರಲಿಲ್ಲ. ದಾರಿಯುದ್ದಕ್ಕೂ ಆಪಾ ಅವರ ಕಿವಿಯಲ್ಲಿ ಕಡೆಗಾಲಕ್ಕೆ ಹೇಳುವ ಕಲ್ಮಾ ಹೇಳುತ್ತಿದ್ದಳು. ಕೇಳುವುದಿಲ್ಲ ಎಂದು ಗೊತ್ತಿದ್ದೂ ಕೂಗಿ ಕೂಗಿ ಹೇಳುತ್ತಿದ್ದಳು. ಡ್ರೈವರ್ ಕಣ್ಣೊರೆಸಿಕೊಂಡು ಗಾಡಿ ಓಡಿಸಿದ. ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಕೊಳವೆ ಹಾಕಿ ಹೆಣಗಿದರು. ಕೀವು ಮಿದುಳಿಗೆ ಇಳಿದಿತ್ತು. ಭಾನುವಾರ ಮಧ್ಯಾಹ್ನ ಮಾಸ್ತರು ಹೋದರು.

ನಲವತ್ತನೆಯ ದಿನದ ಚಾಲೀಸ್ವಾ ಮುಗಿದ ಮೇಲೆ ಆಪಾ ಟ್ಯಾಬನ್ನೂ ಡಬ್ಬಿಯನ್ನೂ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟಳು. “ತಗೊಂಡು ಹೋಗು. ಮನ್ಯಾಗ ಇದ್ರ ಒಡದು ಹಾಕ್ತೀನಿ. ಈ ಎಮ್ಮಿ ನನ್ನ ಗಂಡನ್ನ ತಿಂದೈತಿ.” ತಂದು ನನ್ನ ಕೋಣೆಯಲ್ಲಿಟ್ಟೆ. ಮುಟ್ಟಲು ಧೈರ್ಯ ಬರಲಿಲ್ಲ. ಒಂದು ರಜೆಯ ದಿನ, ಹಾಸ್ಟೆಲ್ಲು ಖಾಲಿ ಇದ್ದಾಗ, ಹಚ್ಚಿದೆ.

ಮೊದಲು ನನ್ನ ದನಿ ಬಂತು. ಅದರ ಕೆಳಗೆ ಎಮ್ಮಿ ಬಂತು. ಒಂದು ಸಾಲು ಮುಗಿಯುವುದರೊಳಗೆ ನಿಲ್ಲಿಸಿ ಮತ್ತೆ ಹಚ್ಚಿದೆ. ಸೂರು ತಪ್ಪಿತ್ತು. ಒಂದು ಪದದಲ್ಲಲ್ಲ, ಎಲ್ಲದರಲ್ಲೂ. ನಾನು ಹಾಡಿದ ಕಡೆಗೆ ನಾನಿದ್ದೆ, ಅದು ಎರಡು ಮೂರು ಮಣೆ ಕೆಳಗೆ, ಬೇರೆಯೇ ಊರಿನಲ್ಲಿ. ಎರಡೂ ಸೇರಿ ಹಲ್ಲು ಜುಂ ಅನ್ನುವ ಹಾಗೆ ಒಂದನ್ನೊಂದು ಕೆರೆಯುತ್ತಿದ್ದವು. ಕೂದಲೆಳೆ ತಪ್ಪಿದರೆ ಡ್ರಮ್ಮಿನವನನ್ನೂ ಬಿಡದೆ ಬೈಯುತ್ತಿದ್ದ ಮನುಷ್ಯ ಅವರು. ಅಯ್ಯೋ ಮಾಸ್ತರ, ಏನು ಮಾಡಿಬಿಟ್ಟಿರಿ ಎಂದು ಡಬ್ಬಿಯ ಮೇಲೆ ಕೈಯಿಟ್ಟೆ. ಆಗ ತಿಳಿಯಿತು. ಡಬ್ಬಿ ಹಸುಗೂಸಿನ ಎದೆಯಂತೆ ಅಂಗೈಯಲ್ಲಿ ನಡುಗುತ್ತಿತ್ತು. ಸ್ವರ ಕೆಳಗಿಳಿದಷ್ಟೂ ನಡುಕ ಹೆಚ್ಚು. ಕೇಳುವುದು ಪೂರಾ ಹೋದ ಮೇಲೆ ಅವರಿಗೆ ಉಳಿದದ್ದು ಈ ನಡುಕ ಒಂದೇ. ಹಲ್ಲಿಗೆ ಸಿಗುವ ತನಕ ಎಮ್ಮಿಯನ್ನು ಇಳಿಸುತ್ತ, ಇಳಿಸುತ್ತ ಹೋಗಿದ್ದರು. ಸಿಕ್ಕಿತು ಅಂದಾಗ ನಿಲ್ಲಿಸಿ, ಮುಗಿಯಿತು ಅಂದಿದ್ದರು.

ಸರಿಮಾಡುವುದು ದೊಡ್ಡ ಕೆಲಸವಲ್ಲ. ಎಮ್ಮಿಯ ಸ್ವರ ಏರಿಸುವ ಗುಂಡಿಯನ್ನು ಬಲಕ್ಕೆ ಒಂದಿಷ್ಟು ತಿರುವಿದರೆ ಅದು ನನ್ನ ದನಿಗೆ ಬಂದು ಕೂಡುತ್ತದೆ. ಅಷ್ಟು ನನಗೂ ಬರುತ್ತದೆ. ಗುಂಡಿಯ ಮೇಲೆ ಬೆರಳಿಟ್ಟು ಕೂತೆ. ಅವರು ಜೀವ ಕೊಟ್ಟು ಇಳಿಸಿದ್ದನ್ನು ನಾನು ಬೆರಳಿನಿಂದ ಏರಿಸುವುದೇ? ನನ್ನಿಂದ ಆಗಲಿಲ್ಲ. ಸೂರನ್ನು ಹಾಗೇ ಬಿಟ್ಟು ನನ್ನ ದನಿಯನ್ನೇ ಅಳಿಸಿದೆ. ಅವರ ಸೂರು ಹಚ್ಚಿಕೊಂಡು, ಅಷ್ಟೂ ಪದಗಳನ್ನು ಅದಕ್ಕೆ ಕೂಡುವಂತೆ ಕೆಳಗಿನಿಂದ ಮತ್ತೆ ಹಾಡಿದೆ. ನನ್ನ ಗಂಟಲಿಗೆ ಅದು ಬಹಳ ಕೆಳಗೆ. ಕೆಲವು ಕಡೆ ದನಿ ಒಡೆಯುತ್ತದೆ, ಕೆಲವು ಕಡೆ ಬರೀ ಗಾಳಿ ಬರುತ್ತದೆ. ಸೂರು ಮಾತ್ರ ಈಗ ಎಲ್ಲೂ ತಪ್ಪಿಲ್ಲ.

ಅದನ್ನು ಆಪಾಳಿಗೆ ಕೇಳಿಸದೆ ಇರಲು ಮನಸ್ಸು ಒಪ್ಪಲಿಲ್ಲ. ಸುರಪುರಕ್ಕೆ ಒಯ್ದೆ. ಅಂಗಡಿಯ ಬಾಗಿಲು ಮುಂದೆ ಮಾಡಿ, ನಡೆದದ್ದನ್ನೆಲ್ಲ ಹೇಳಿ, ಹಚ್ಚಿದೆ. ಆಕೆ ಬಳೆಗಳ ಪೆಟ್ಟಿಗೆಗೆ ಒರಗಿ, ಕಣ್ಣು ಮಿಟುಕಿಸದೆ, ಕೊನೆಯ ಪದದ ತನಕ ಕೇಳಿದಳು.

“ಮೊದಲಿನ ನಿನ್ನ ದನಿ ಚಂದ ಇತ್ತು” ಅಂದಳು.

“ಹೌದ್ ಆಪಾ.”

“ಇದಕ್ಕಾಗಿ ಹೋದ್ರಾ?”

“ಹೌದ್ ಆಪಾ. ಇದಕ್ಕ.”

ಸುಳ್ಳು ಹೇಳಬಹುದಿತ್ತು. ಆದರೆ ಅವಳೆದುರು ಕೂತು ಸುಳ್ಳು ಹೇಳುವಷ್ಟು ಸಣ್ಣವಳಾಗಲು ನನಗೆ ಬರಲಿಲ್ಲ. ಆಪಾ ಸೆರಗಿನಿಂದ ಮುಖ ಒರೆಸಿಕೊಂಡಳು. ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು, ಮಡಿಲಲ್ಲಿ ಇಟ್ಟುಕೊಂಡು, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು.

“ಇನ್ನೊಮ್ಮಿ ಹಚ್ಚು” ಅಂದಳು. “ನನಗ ಸಿಟ್ಟು ಇನ್ನಾ ಇಳದಿಲ್ಲ.”